ಯಜಮಾನರ ಮನೆಯ ಬೂದಿ ಡಬ್ಬ

"ಲೇ ರಾಮಕ್ಕ, ಇವತ್ತು ನಿನ್ನ ಮಸಿ ಮುಸುಡಿ ಮುಂದ್ಗಡೆ ಕಾಣಿಸ್ಬಾರ್ದು ಕಣೇ. ಹೊಗೆ-ಬೂದಿ ತಪಾಸ್ಣೆಗೆ ಸಾಹೇಬ್ರು ಬತ್ತಾವ್ರೆ. ಬೂದಿ ಗುಂಡೀಲೇ ಬಿದ್ದಿರು, ಹಂದಿ ಬಿದ್ದಿರ್ತದಲ್ಲ, ಹಂಗೆ."

ಸೂಪರ್‌ವೈಸರ್ ಶಿವರಾಜು ಮೂಗಿಗೆ ಕರ್ಚೀಪು ಒತ್ತಿಕೊಂಡು ಹಿಂದೆ ಸರಿದ. ರಾಮಕ್ಕ ಗುಂಡಿಯೊಳಗಿಂದ ತಲೆಯೆತ್ತಲಿಲ್ಲ. ಬಾಯ್ಲರಿನ ಹೊಟ್ಟೆಯಿಂದ ಉದುರಿದ ಬಿಸಿ ಬೂದಿಯನ್ನು ಬಾಂಡ್ಲಿಗೆ ತುಂಬುತ್ತಲೇ ಇದ್ದಳು.

ಹಂದನಕೆರೆ ರಸ್ತೆಯ ಆ ಕಾಯಿ ಪೌಡರ್ ಫ್ಯಾಕ್ಟರಿಯಲ್ಲಿ ಒಂದೇ ಬೆಂಕಿಗೆ ಎರಡು ದುಡಿಮೆ. ಬಾಯ್ಲರಿನ ಹಬೆ ಮೊದಲು ಟರ್ಬೈನು ತಿರುಗಿಸಿ ಕರೆಂಟು ಕೊಡುತ್ತಿತ್ತು. ತಿರುಗಿಸಿ ಸುಸ್ತಾದ ಅದೇ ಹಬೆ ಕೊಳವೆ ಹಿಡಿದು ಹೋಗಿ ಕಾಯಿ ತುರಿಯನ್ನು ಒಣಗಿಸುತ್ತಿತ್ತು. "ನಿನ್ನ ಥರಾನೇ ಕಣೇ ಆ ಹಬೆ. ಇಲ್ಲಿ ಗೇದು, ಮನೆಗೋಗಿ ಮತ್ತೆ ಗೇಯ್ತದೆ" ಎಂದು ಬೆಂಕಿಗೆ ಉರುವಲು ಹಾಕುವ ಗಂಡ ದುರ್ಗಯ್ಯ ನಗಾಡುತ್ತಿದ್ದ.

ಹತ್ತು ವರ್ಷ ಆ ಬೆಂಕಿಗೆ ತೆಂಗಿನ ಚಿಪ್ಪೇ ಉರುವಲು. ಚಿಪ್ಪಿನ ಬೂದಿ ಎಂದರೆ ರಾಗಿ ಹಿಟ್ಟಿನಷ್ಟು ನುಣುಪು. ಕಾಲೋನಿಯವರೆಲ್ಲ ಅದರಲ್ಲೇ ಪಾತ್ರೆ ಬೆಳಗುವುದು, ಅದರಲ್ಲೇ ಹಲ್ಲುಜ್ಜುವುದು. ಯಜಮಾನ ಮರುಳಸಿದ್ದಯ್ಯನವರ ಮನೆಗೂ ಸೋಮವಾರ ಸೋಮವಾರ ಒಂದು ನೀಲಿ ಡಬ್ಬ ತುಂಬಾ ಹೋಗಬೇಕು, ದೇವರ ಹಿತ್ತಾಳೆ ಸಾಮಾನು ಬೆಳಗಲು. ರಾಮಕ್ಕ ಜರಡಿ ಹಿಡಿದು ತುಂಬಿ, ಡಬ್ಬವನ್ನು ಗುಂಡಿಯ ಕಟ್ಟೆಯ ಮೇಲಿಟ್ಟು ದೂರ ನಿಲ್ಲುವಳು. ಶಿವರಾಜು ಡಬ್ಬದ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುವನು.

"ಒಳಗಿರೋ ಬೂದೀನೂ ನಾನೇ ಮುಟ್ಟಿದ್ದು ಕಣಣ್ಣ" ಎಂದು ರಾಮಕ್ಕ ಒಮ್ಮೆ ನಕ್ಕುಬಿಟ್ಟಿದ್ದಳು. ಆ ವಾರವೆಲ್ಲ ಬೈಗುಳ ತಿಂದಳು.

ಆಮೇಲೆ ಚಿಪ್ಪಿಗೆ ಬೆಲೆ ಬಂತು. ಇದ್ದಿಲು ಮಾಡುವವರು ಲಾರಿ ತಂದು ಚಿಪ್ಪನ್ನೆಲ್ಲ ಹೊತ್ತೊಯ್ದರು. ಬಾಯ್ಲರಿಗೆ ಸೌದೆ ಬಂತು, ಮರದ ಹೊಟ್ಟು ಬಂತು. ಈಚೆಗೆ ಟಾರ್ಪಾಲು ಬಿಗಿದ ಲಾರಿಗಳು ಬರತೊಡಗಿದವು: ಚೂರು ಮಾಡಿದ ಟೈರು, ಚಪ್ಪಲಿ ಅಟ್ಟೆ, ಬಣ್ಣಬಣ್ಣದ ಪ್ಲಾಸ್ಟಿಕ್ಕು. ಬೂದಿ ಕಪ್ಪಗಾಯಿತು, ಅಂಟಂಟಾಯಿತು. ರಾಮಕ್ಕ ಎರಡೆರಡು ಸಲ ಜರಡಿ ಹಿಡಿದು ಮನೆಗೆ ಒಯ್ಯುತ್ತಲೇ ಇದ್ದಳು. ಬೆಂಕಿಗೆ ಬಿದ್ದು ಸುಟ್ಟಮೇಲೆ ಯಾವ ಕೊಳೆ ಉಳಿದೀತು ಎಂಬುದು ಅವಳ ಎಣಿಕೆ.

ಅವಳ ಹತ್ತು ವರ್ಷದ ಮಗಳು ಪುಷ್ಪಲತಾಳ ತುಟಿ ಒಡೆದು ತಿಂಗಳಾಗಿತ್ತು. ವಸಡು ಊದಿಕೊಂಡು ರಕ್ತ ಒಸರುತ್ತಿತ್ತು. ಇವತ್ತು ಬೆಳಿಗ್ಗೆ ಅಂಬಲಿಯ ಲೋಟ ಕಂಡೇ ಹುಡುಗಿ ಬಾಯಿ ಮುಚ್ಚಿಕೊಂಡಿತ್ತು. "ಅವ್ವಾ, ಉಪ್ಪು ಹಾಕ್ಬ್ಯಾಡ, ಉರೀತದೆ."

ರಾಮಕ್ಕ ಉಪ್ಪಿಲ್ಲದ ಅಂಬಲಿಯನ್ನು ಆರಿಸಿ ಆರಿಸಿ, ಬೆರಳ ತುದಿಯಲ್ಲಿ ಮಗಳ ನಾಲಿಗೆಗೆ ಇಟ್ಟಳು. ಎಂದಿನಂತೆ ಹೇಳಿದಳು: "ಇನ್ನೊಂಚೂರು ಬೂದಿ ಹಾಕ್ಕೊಂಡು ಚೆನ್ನಾಗಿ ಉಜ್ಜು ಮಗಾ, ವಾಸಿ ಆಯ್ತದೆ."

ಈಗ ಗುಂಡಿಯಲ್ಲಿ ಬೂದಿ ಬಳಿಯುವಾಗ ಸನಿಕೆ ಮೂಲೆಯಲ್ಲಿ ಏನಕ್ಕೋ ತಾಗಿ ಟಣ್ಣೆಂದಿತು. ನೀಲಿ ಡಬ್ಬ. ಬಾಯಿಗೆ ಜೇಡ ಬಲೆ ಕಟ್ಟಿತ್ತು. ಎಷ್ಟೋ ಸೋಮವಾರಗಳಿಂದ ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಮರೆತಿದ್ದಳು.

ರಾಮಕ್ಕ ಸನಿಕೆ ಊರಿಕೊಂಡು ನಿಂತಳು.

"ಶಿವರಾಜಣ್ಣ, ಯಜಮಾನ್ರ ಮನೆಗೆ ಬೂದಿ ಬ್ಯಾಡ್ವಾ ಈಗ?"

"ಅಮ್ಮಾವ್ರು ಬ್ಯಾಡ ಅಂದವ್ರೆ. ಅಂಗ್ಡಿ ಪೌಡ್ರು ತರಿಸ್ತಾರೆ."

"ಯಾವಾಗ್ನಿಂದ?"

"ಟೈರ್ ಲಾರಿ ಬಂದಾಗ್ನಿಂ..." ಶಿವರಾಜು ನಾಲಿಗೆ ಕಚ್ಚಿಕೊಂಡ. "ನಿಂಗ್ಯಾಕೆ ಮುಂಡೆ ಅವೆಲ್ಲಾ? ಗೇಯೋದ್ ಗೇಯಿ."

"ನಮ್ಗೂ ಒಂದ್ ಮಾತ್ ಹೇಳ್ಬಾರ್ದಿತ್ತಾ?"

"ನೀವೇನ್ ಕೇಳಿದ್ರಾ? ಪುಕ್ಸಟ್ಟೆ ಸಿಕ್ತು ಅಂತ ಸೆರಗು ತುಂಬ್ಕೊಂಡ್ ಹೋದ್ರಿ. ಕಳ್ತನ ಅಂತ ಹಿಡಿಸಿಲ್ವಲ್ಲ, ಅದೇ ಪುಣ್ಯ ಅನ್ಕೋ."

ಅವನು ಮುಂದಿನ ಅಂಗಳಕ್ಕೆ ಓಡಿದ. ಜೀಪು ಬಂದಿತ್ತು. ಅಂಗಳದಲ್ಲಿ ನಿನ್ನೆಯಷ್ಟೇ ಸುರಿಸಿದ ಚಿಪ್ಪಿನ ರಾಶಿ ಬಿಸಿಲಿಗೆ ಹೊಳೆಯುತ್ತಿತ್ತು. ಹಿತ್ತಿಲ ಟೈರಿನ ಮೇಲೆ ಟಾರ್ಪಾಲು ಬಿದ್ದಿತ್ತು. ಆಫೀಸಿನ ಜಗುಲಿಯ ಫ್ಯಾನಿನಡಿ ಕೂತ ಸಾಹೇಬರಿಗೆ ಯಜಮಾನರು ಎಳನೀರು ಕೊಟ್ಟು ಹೇಳುತ್ತಿದ್ದರು:

"ಚಿಪ್ಪು ಬಿಟ್ಟು ಬೇರೇನೂ ಸುಡಲ್ಲ ಸಾರ್. ಕರೆಂಟು ನಮ್ದೇ, ಶಾಖಾನೂ ನಮ್ದೇ. ಬೂದಿ ಎಷ್ಟು ಶುದ್ಧ ಅಂದ್ರೆ, ನಮ್ ಹೆಣ್ಣಾಳುಗಳು ಅದ್ರಲ್ಲೇ ಹಲ್ಲುಜ್ತಾರೆ. ಬೇಕಾದ್ರೆ ಕೇಳಿ."

ಆ ಮಾತು ಬಾಯ್ಲರಿನ ಬಾಗಿಲವರೆಗೂ ಕೇಳಿತು. ದುರ್ಗಯ್ಯ ಹೆಂಡತಿಯ ಕಡೆ ತಿರುಗಿದ. ರಾಮಕ್ಕ ಸೆರಗಿನಿಂದ ಡಬ್ಬದ ಬಾಯಿ ಒರೆಸಿ, ಬಿಸಿ ಬಿಸಿ ಕಪ್ಪು ಬೂದಿಯನ್ನು ಅದಕ್ಕೆ ತುಂಬುತ್ತಿದ್ದಳು. ಜರಡಿ ಹಿಡಿಯಲಿಲ್ಲ.

"ಎಲ್ಲಿಗೇ?"

"ಮಗೀಗೆ ನನ್ ಕೈಯಾರೆ ಉಜ್ಸಿವ್ನಿ ಕಣಯ್ಯ." ಅವಳ ದನಿ ಏರಲಿಲ್ಲ. "ತುಟಿ ನೋಡಿದ್ದೀಯಲ್ಲ."

ದುರ್ಗಯ್ಯ ಬೆಂಕಿಗೆ ಉರುವಲು ತಳ್ಳಬೇಕಿದ್ದ ಸನಿಕೆಯನ್ನು ನೆಲಕ್ಕೆ ಊರಿದ.

ರಾಮಕ್ಕ ಅಂಗಳ ದಾಟಿದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹತ್ತದ ಜಗುಲಿಯ ಮೆಟ್ಟಿಲು ಹತ್ತಿದಳು. ಬರಿಗಾಲಿನ ಕಪ್ಪು ಹೆಜ್ಜೆ ಬಿಳಿ ಕಲ್ಲಿನ ಮೇಲೆ ಒಂದೊಂದಾಗಿ ಮೂಡಿತು. ಶಿವರಾಜು "ಇಳಿಯೇ, ಇಳಿಯೇ ಕೆಳೀಕೆ!" ಎಂದು ಕೂಗಿದನೇ ಹೊರತು ಮುಟ್ಟಿ ಎಳೆಯಲು ಕೈ ಬರಲಿಲ್ಲ.

ಅವಳು ಡಬ್ಬವನ್ನು ಯಜಮಾನರ ಮುಂದೆ ಹಿಡಿದಳು. ಸುಟ್ಟ ಚಪ್ಪಲಿಯ ವಾಸನೆ ಎಳನೀರಿನ ಮೇಲೆ ಬಂದು ಕೂತಿತು.

"ಒಂದ್ ಚಿಟಿಕೆ ತಕ್ಕಳಿ ಬುದ್ದಿ. ನನ್ ಮಗಳು ಉಜ್ದಂಗೆ ಉಜ್ಜಿ. ಸಾಹೇಬ್ರೂ ನೋಡ್ಲಿ."

ಸಾಹೇಬರು ಎಳನೀರು ಕೆಳಗಿಟ್ಟು ಕಾಗದಗಳನ್ನು ಚೀಲಕ್ಕೆ ತುರುಕಿದರು. "ಇದು ನಿಮ್ಮೊಳಗಿನ ವಿಷ್ಯ. ಬಗೆಹರಿಸ್ಕೊಳ್ಳಿ" ಎಂದು ಯಾರ ಮುಖವನ್ನೂ ನೋಡದೆ ಜೀಪು ಹತ್ತಿದರು. ಯಜಮಾನರು ತುಟಿ ಬಿಗಿದು, ಗೇಟಿನ ಕಡೆ ಕಣ್ಣು ಸನ್ನೆ ಮಾಡಿದರು. ಜೀಪು ಹೊರಗೆ ಹೋಗುತ್ತಲೇ ಶಿವರಾಜು ಗೇಟೆಳೆದು ಚಿಲಕ ಹಾಕಿದ.

ಹಿಂದೆ, ಉರುವಲು ಬೀಳದೆ, ಬಾಯ್ಲರಿನ ಗುಡುಗು ಸಣ್ಣಗಾಗುತ್ತಿತ್ತು. ಟರ್ಬೈನಿನ ಸಿಳ್ಳು ಇಳಿಯಿತು. ತಲೆಯ ಮೇಲಿನ ಫ್ಯಾನು ನಿಧಾನವಾಗಿ, ರೆಕ್ಕೆಗಳು ಬೇರೆಬೇರೆಯಾಗಿ ಕಾಣತೊಡಗಿದವು.

ರಾಮಕ್ಕ ಕೈ ಇಳಿಸಲಿಲ್ಲ.

"ತಕ್ಕಳಿ ಬುದ್ದಿ. ಬೆಚ್ಚಗದೆ."