ಹದಿನಾರನೆಯ ಡಬ್ಬಿ

"ಏನ ಹೊಲಸ ತುಂಬೀದಿ ಫ್ರಿಜ್ಜಿನಾಗ!"

ಅತ್ತೆ ಭೀಮಕ್ಕ ಮೂಗು ಮುಚ್ಚಿಕೊಂಡು ಪ್ಲಾಸ್ಟಿಕ್ ಡಬ್ಬಿಗಳನ್ನು ಅಡುಗೆಮನೆಯ ನೆಲಕ್ಕೆ ಎಸೆಯುತ್ತಿದ್ದಳು. ಮಣ್ಣು ಕೊಡಲು ಬಂದವರಿಗೆ ತಣ್ಣೀರಿನ ಬಾಟಲಿ ಇಡಲು ಜಾಗ ಬೇಕಿತ್ತು.

"ಆನಿ ಲದ್ದಿ," ಎಂದಳು ಪೂರ್ಣಿಮಾ.

ವಡಗಾವಿಯ ಆ ಮನೆಯ ಹೊರಕೋಣೆಯಲ್ಲಿ ಅವಳ ಗಂಡ ರಾಮಲಿಂಗ ಬಾಡಿಗೆಯ ಫ್ರೀಜರ್ ಪೆಟ್ಟಿಗೆಯೊಳಗೆ ಮಲಗಿದ್ದ. ಖಾನಾಪುರದ ಕಾಡಿನಲ್ಲಿ ಅರಣ್ಯ ಇಲಾಖೆಯ ವಾಚರ್. ನಿನ್ನೆ ಅಲ್ಲಿಂದ ಬರುವಾಗ ಬೈಕು ಜಾರಿತ್ತು.

"ಲದ್ದಿ ಆರಿಸೂ ನೌಕರಿ," ಎಂದ ಅವನ ಕಾಕಾ ಗುರುಪುತ್ರಪ್ಪ. "ಆನಿ ಬಸರೈತೋ ಇಲ್ಲೋ ನೋಡ್ಕೋತ ತಿರಗಿದ. ಮನ್ಯಾನಾಕಿ ಮೂರು ವರ್ಷಾದ್ರೂ ಬಸರಾಗಲಿಲ್ಲ."

ನಾಲ್ಕು ಜನ ನಕ್ಕರು. ಕಣ್ಣಿಗೆಂದು ತಂದ ಕರವಸ್ತ್ರದಿಂದಲೇ ಬಾಯಿ ಒರೆಸಿಕೊಂಡರು.

*

"ಹೊಟ್ಟಿ ನೋಡಿ ಹೇಳಾಕ ಆಗೂದಿಲ್ಲ," ಎಂದಿದ್ದ ರಾಮಲಿಂಗ ಹೋದ ವಾರ, ಆ ವಾರದ ಡಬ್ಬಿಯ ಮೇಲೆ ತಾರೀಕು ಬರೆಯುತ್ತ. "ಲದ್ದ್ಯಾಗ ಹಾರ್ಮೋನ್ ಸಿಗ್ತದ. ಬಸರಿರಲಿಲ್ಲಂದ್ರ ಕೆಲವು ವಾರ ಏರಿ ಇಳೀತದ. ಹದಿನಾರು ವಾರ ಇಳೀಲಿಲ್ಲಂದ್ರ ಖರೇ ಬಸರು. ಇಪ್ಪತ್ತೆರಡು ತಿಂಗಳು ಹೊತ್ಕೊಂಡು ತಿರಗತಾಳ."

"ಸಾಹೇಬ್ರು ಏನಂತಾರ?" ಪೂರ್ಣಿಮಾ ಕೇಳಿದ್ದಳು.

"ಬರೇ ಮೈ ಬಂದೈತಿ, ಮಂಪರಿನ ಮದ್ದು ಹೊಡದು ಲಾರಿಗೆ ಏರಿಸಿ ಬ್ಯಾರೆ ಕಾಡಿಗೆ ಕಳಸೂಣು ಅಂತಾರ. ಲಾರ್ಯಾಗ ಮರಿ ಉಳಿಯೂದು ಕಷ್ಟ. ಇವು ಲ್ಯಾಬಿಗೆ ಮುಟ್ಟಿದ್ರ ಆಕೀನ ಮುಟ್ಟಂಗಿಲ್ಲ."

ಹದಿನಾರನೆಯ ಡಬ್ಬಿ ನಿನ್ನೆ ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಗಂಟಿನಲ್ಲಿತ್ತು. ಪೂರ್ಣಿಮಾ ಅದನ್ನೂ ಫ್ರಿಜ್ಜಿನಲ್ಲಿಟ್ಟಿದ್ದಳು.

*

ಪೂರ್ಣಿಮಾ ನೆಲದಿಂದ ಡಬ್ಬಿಗಳನ್ನು ಆರಿಸಿದಳು. ಆಗಲೇ ಬೆವರತೊಡಗಿದ್ದವು. ಲ್ಯಾಬಿನ ಗಾಡಿ ಬರುವುದು ಸಂಜೆಗೆ. ಅವಳು ಹೊರಕೋಣೆಗೆ ಹೋಗಿ ಗಾಜಿನ ಮುಚ್ಚಳ ಎತ್ತಿದಳು. ಗಂಡನ ಪಾದಗಳ ಬಳಿ ಒಂದೊಂದನ್ನೇ ಜೋಡಿಸಿದಳು.

"ಹುಚ್ಚು ಹಿಡದೈತೇನ? ಹೆಣದ ಬಾಜೂಕ ಲದ್ದಿ!" ಎಂದು ಭೀಮಕ್ಕ ಕಿರುಚಿದಳು.

"ನೀವು ನೀರು ಕುಡೀರಿ, ಅತ್ತಿ. ಬಾಟಲಿ ತಣ್ಣಗಾಗಿರ್ತಾವ."

ಯಾರೂ ಪೆಟ್ಟಿಗೆಯೊಳಗೆ ಕೈ ಹಾಕಲಿಲ್ಲ. ಹೆಣಕ್ಕೆ ಹೆದರಿದರೋ ಲದ್ದಿಗೆ ಹೇಸಿದರೋ, ಅವಳು ಕೇಳಲಿಲ್ಲ.

ಮಧ್ಯಾಹ್ನ ರಾಮಲಿಂಗನನ್ನು ಹೊರತೆಗೆದು, ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಕೂಡಿಸಿ ಹೊತ್ತೊಯ್ದರು. ಮಣ್ಣು ಮುಗಿಸಿ ಅವಳು ಮನೆಗೆ ಬಂದಾಗ ಬಾಡಿಗೆಯ ಪೆಟ್ಟಿಗೆ ಒಯ್ಯಲು ಬಂದ ಹುಡುಗ ಆತಿಫ ಪ್ಲಗ್ಗಿನ ಬಳಿ ನಿಂತಿದ್ದ.

"ಬಂದ್ ಮಾಡ್ಲ್ಯಾ, ಭಾಭಿ? ಖಾಲಿ ಐತಲ್ರಿ."

"ಸಂಜೀತನಕ ಇರಲಿ."

ಹಾರಗಳು ಹೋಗಿದ್ದವು, ಜನ ಹೋಗಿದ್ದರು. ಗಾಜಿನ ಪೆಟ್ಟಿಗೆ ಗುಂಯ್‌ಗುಡುತ್ತಲೇ ಇತ್ತು. ಪಾದಗಳಿದ್ದ ಜಾಗದಲ್ಲಿ ಹದಿನಾರು ಡಬ್ಬಿಗಳು. ಮುಚ್ಚಳಗಳ ಮೇಲೆ ಅವನ ಅಕ್ಷರ, ಅದರ ಮೇಲೆ ತೆಳ್ಳಗೆ ಹಿಮ.