ಹೆಣ ಕೇಳಲು ಬಂದವನು

ಗುಡಾರದ ಬಾಗಿಲ ಕಂಬಳಿಯನ್ನು ಪಕ್ಕಕ್ಕೆ ಸರಿಸಿ ಕೆಂಜೆಗುಲ್ ಮತ್ತೊಮ್ಮೆ ರಸ್ತೆಯ ಕಡೆ ಕತ್ತು ಚಾಚಿದಳು. ಧೂಳಿಲ್ಲ, ಕಾರಿಲ್ಲ, ಅಳುತ್ತಾ ಬರುವ ಗಂಡಸರಿಲ್ಲ. ಹಿಂದೆ, ಪರದೆಯ ಆಚೆ, ಅವಳ ಅಪ್ಪ ಜಪಾರ್ಕುಲ್ ಬಿಳಿ ಬಟ್ಟೆಯಲ್ಲಿ ಮಲಗಿದ್ದ. ಗೋಡೆಗೆ ಮುಖ ಮಾಡಿ ಕೂತು, ಹಾಡಿಕೊಂಡು ಅಳಬೇಕಾದ ಮಗಳು ಹೀಗೆ ಒಳಗೂ ಹೊರಗೂ ಸುಳಿದಾಡುವುದು ಚಿಕ್ಕಮ್ಮ ಬೂಬುಸಾರಾಗೆ ಸರಿಬರಲಿಲ್ಲ.

"ಯಾರನ್ನೇ ಕಾಯ್ತಿದೀಯ? ಬರೋರೆಲ್ಲ ಬಂದಾಯ್ತಲ್ಲ."

"ಕೇಳೋರು ಬರ್ಬೇಕಲ್ಲ ಚಿಕ್ಕಮ್ಮ."

ಚಿಕ್ಕಮ್ಮ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು.

ಆ ಕಣಿವೆಯಲ್ಲಿ ಮರ್ಯಾದಸ್ಥ ಸತ್ತರೆ ಅವನನ್ನು ಸುಮ್ಮನೆ ಎತ್ತಿಕೊಂಡು ಹೋಗಿ ಹೂಳುವುದಿಲ್ಲ. ಹುಟ್ಟಿದ ಊರಿನವರು ಬರಬೇಕು. ಬಾಗಿಲಲ್ಲಿ ನಿಂತು, ಮೂಳೆ ನಮ್ಮದು, ನಮ್ಮ ಮಣ್ಣಿಗೆ ಕೊಡಿ ಎಂದು ಕೇಳಬೇಕು. ಬದುಕಿದ ಊರಿನವರು ಕೊಡೆವು ಎನ್ನಬೇಕು. ದನಿ ಏರಬೇಕು, ಒಂದೆರಡು ಕೊರಳಪಟ್ಟಿ ಹಿಡಿದು ಎಳೆದಾಡಿದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆ ಜಗಳವೇ ಸತ್ತವನಿಗೆ ಮಾಡುವ ಕೊನೆಯ ಮರ್ಯಾದೆ. ಹೋದ ಚಳಿಗಾಲ ಕುಡಿದು ಕುಡಿದೇ ಸತ್ತ ಕುರಿಗಾಹಿಯೊಬ್ಬನಿಗೂ ಎರಡು ಊರು ಬಡಿದಾಡಿದ್ದವು. ಬದುಕಿದ್ದಾಗ ಅವನನ್ನು ಎರಡು ಊರೂ ಹತ್ತಿರ ಸೇರಿಸುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಜಪಾರ್ಕುಲ್‌ನನ್ನು ಕೇಳಲು ಯಾರು ಬರಬೇಕು? ಅವನು ಹುಟ್ಟಿದ ಕುಬಾ-ತೆರೆಕ್ ಅಣೆಕಟ್ಟಿನ ನೀರಿನಡಿ ಸೇರಿ ಒಂದು ತಲೆಮಾರೇ ಕಳೆದಿತ್ತು. ಅಲ್ಲಿನ ಜನ ಎಲ್ಲೆಲ್ಲೋ ಚೆದುರಿ, ಎಲ್ಲೆಲ್ಲೋ ಸತ್ತಿದ್ದರು. ಉಳಿದಿದ್ದ ಒಬ್ಬ ಮುದುಕ ಇಮಾಶನಿಗೆ ಕೆಂಜೆಗುಲ್ ನಿನ್ನೆ ಫೋನು ಮಾಡಿ ಕಾಲು ಹಿಡಿಯುವುದೊಂದು ಬಾಕಿ ಎನ್ನುವಂತೆ ಬೇಡಿಕೊಂಡಿದ್ದಳು.

"ಕೊಡಿ ಅಂತ ಕೇಳ್ಬೋದು ಮಗಳೇ," ಅಂದಿದ್ದ ಮುದುಕ. "ಅವ್ರು ಕೊಟ್ಟೇಬಿಟ್ರೆ? ಎಲ್ಲಿಗೆ ಒಯ್ಲಿ, ನೀರಿಗಾ?" ಆಮೇಲೆ ನಕ್ಕ, ಕೆಮ್ಮಿದ, ಫೋನು ಇಟ್ಟ.

*

ಆ ಅಣೆಕಟ್ಟಿಗೆ ಕಾಂಕ್ರೀಟು ಸಾಗಿಸಿದವರಲ್ಲಿ ಜಪಾರ್ಕುಲ್ ಕೂಡ ಒಬ್ಬ. ಹರೆಯದ ಲಾರಿ ಡ್ರೈವರು. ಒಳ್ಳೆ ಸಂಬಳ, ಎದೆಗೊಂದು ಪದಕ. ಕಟ್ಟೆ ಮುಗಿದು ನೀರು ಏರತೊಡಗಿದಾಗ ಅದೇ ಲಾರಿಯಲ್ಲಿ ತನ್ನ ತಾಯಿಯನ್ನೂ ಅವಳ ಕೋಳಿಗಳನ್ನೂ ಕೂರಿಸಿಕೊಂಡು ಮೇಲಿನ ಹೊಸ ಊರು ಬಿರಿಂಚಿ-ಮಾಯ್‌ಗೆ ಬಂದ. ತನ್ನ ಊರನ್ನು ತಾನೇ ಮುಳುಗಿಸಿದೆ ಎಂದು ಅವನು ಒಂದು ದಿನವೂ ಹೇಳಿಕೊಂಡವನಲ್ಲ. ಯಾರಾದರೂ ಕೆಣಕಿದರೆ, ದೀಪ ಉರೀತಿದೆಯಲ್ಲ ಅನ್ನುತ್ತಿದ್ದ.

ಹೆಂಡತಿ ಹೋದ ಮೇಲೆ ಅವನಿಗೆ ಹೊಸ ಹುಚ್ಚು ಹಿಡಿಯಿತು. ಕೆಂಜೆಗುಲ್‌ಳ ಮಗಳು ಓದಲು ಹೋಗುವಾಗ ಬಿಟ್ಟುಹೋದ ಹಳೆಯ ಕಂಪ್ಯೂಟರಿನಲ್ಲಿ, ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶ ಒಂದಿದೆಯೆಂದು ಗೊತ್ತಾಯಿತು. ಹುಡುಕಿದ. ಯಾವುದೋ ದೇಶದ ಬೆಕ್ಕಿಗೆ ಅಲ್ಲೊಂದು ಪುಟವಿತ್ತು. ಕುಬಾ-ತೆರೆಕ್‌ಗೆ ಇರಲಿಲ್ಲ. ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ತಾನೇ ಬರೆದ: ನೀರಿನ ಊಟೆ ಎಲ್ಲಿತ್ತು, ಹಿಟ್ಟಿನ ಗಿರಣಿ ಯಾರದು, ಊರಿಗೆ ಹೆಸರು ಕೊಟ್ಟ ಬಿಳಿಚು ಪಾಪ್ಲರ್ ಮರಗಳು ಯಾವ ದಂಡೆಯಲ್ಲಿದ್ದವು.

ಮರುದಿನ ಪುಟ ಮಾಯ. ತುಲ್ಪಾರ್ ಎಂದು ಹೆಸರಿಟ್ಟುಕೊಂಡ ಯಾರೋ ಒಬ್ಬ ಅಳಿಸಿದ್ದ. ಇಂಥ ಊರು ಇತ್ತೆನ್ನಲು ಪುರಾವೆಯಿಲ್ಲವಂತೆ. ಜಪಾರ್ಕುಲ್ ಮತ್ತೆ ಬರೆದ, ಅವನು ಮತ್ತೆ ಅಳಿಸಿದ. ಹಳೆಯ ನಕಾಶೆಯಲ್ಲಾದರೂ ಹೆಸರಿದ್ದಿದ್ದರೆ ಒಂದು ಮಾತು. ಅಲ್ಲಿ ಅದನ್ನು ಗುರುತಿಸಿದ್ದು ಸಾಮೂಹಿಕ ಬೇಸಾಯದ ಮೂರನೇ ತಂಡ ಎಂದು, ಅಷ್ಟೇ. ಪುರಾವೆ ಎಲ್ಲಿದೆ ಎಂದು ಅವನು ಕೇಳಿದರೆ ನೀರಿನಡಿ ಇದೆ ಎಂದು ಇವನು. ನಾನೇ ಅಲ್ಲಿ ಹುಟ್ಟಿದವನು ಎಂದು ಇವನು ಬರೆದರೆ ಅವನ ಉತ್ತರ: "ಕ್ಷಮಿಸಿ, ನೀವು ಪುರಾವೆ ಅಲ್ಲ."

ಈ ಮಾತನ್ನು ಜಪಾರ್ಕುಲ್ ಊಟಕ್ಕೆ ಕೂತಾಗಲೆಲ್ಲ ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಆ ನೀರು ನಗುವಿನದಲ್ಲ ಎಂದು ಕೆಂಜೆಗುಲ್‌ಗೆ ಗೊತ್ತಿತ್ತು. ಅವಳ ಗಂಡ ಸಪರ್‌ಬಾಯ್ ಮಾತ್ರ ಮಾವನ ಜೊತೆ ತಾನೂ ಹೊಟ್ಟೆತುಂಬ ನಗುತ್ತಿದ್ದ. ಒಳ್ಳೆಯ ಮನುಷ್ಯ, ಪಾಪ.

ಅಪ್ಪನ ಕಣ್ಣು ಮುಚ್ಚಿಸಿದ ಮೇಲೆ ಕೆಂಜೆಗುಲ್ ಆ ಕಂಪ್ಯೂಟರ್ ತೆರೆದು, ಅಪ್ಪನ ಹೆಸರಿನಿಂದಲೇ ಆ ತುಲ್ಪಾರ್‌ಗೆ ಬರೆದಳು. ಗೆದ್ದಿರಿ. ಇನ್ನು ನಿಮ್ಮ ಜೊತೆ ಜಗಳಕ್ಕೆ ಅವರಿಲ್ಲ. ಶುಕ್ರವಾರ ಬಿರಿಂಚಿ-ಮಾಯ್‌ನಲ್ಲಿ ಮಣ್ಣು. ಹೊಟ್ಟೆಯ ಉರಿಗೆ ಬರೆದದ್ದು ಅದು, ಕರೆಯಲು ಬರೆದದ್ದಲ್ಲ.

*

ಪ್ರಾರ್ಥನೆಯ ಹೊತ್ತು ಹತ್ತಿರ ಬಂದಾಗ ರಸ್ತೆಯಲ್ಲಿ ಒಂದು ಬಾಡಿಗೆ ಕಾರು ನಿಂತಿತು. ಇಳಿದವನು ಕನ್ನಡಕದ ಸಣಕಲ ಮನುಷ್ಯ. ಸಾವಿನ ಮನೆಗೆ ಬರುವ ಗಂಡಸು ದೂರದಿಂದಲೇ ಗೋಳಿಡುತ್ತಾ ಬರಬೇಕು. ಇವನು ಬ್ಯಾಂಕಿಗೆ ಬಂದವನ ಹಾಗೆ ಟೋಪಿ ಕೈಯಲ್ಲಿ ಹಿಡಿದು ಬಂದ. ಕೆಂಜೆಗುಲ್‌ಗೆ ಅದೆಲ್ಲ ಕಾಣಲಿಲ್ಲ. ಓಡಿಹೋಗಿ, ನೀವು ಕುಬಾ-ತೆರೆಕ್‌ನವರಾ ಎಂದು ಕೇಳಿದಳು.

ಅವನು ತಲೆ ತಗ್ಗಿಸಿದ. ಹೆಸರು ಎರ್ಮೆಕ್, ಬಿಶ್ಕೆಕ್‌ನಲ್ಲಿ ಗಣಿತದ ಮೇಷ್ಟ್ರು ಅಂದ. "ಆ ವಿಶ್ವಕೋಶದಲ್ಲಿ ನನ್ನ ಹೆಸರು ತುಲ್ಪಾರ್" ಎಂದು ಸೇರಿಸಿದ.

ಕೆಂಜೆಗುಲ್ ಕಪಾಳಕ್ಕೆ ಹೊಡೆಯಲಿಲ್ಲ, ಅಷ್ಟೇ. "ಅಳಿಸೋಕೆ ಇನ್ನೂ ಏನಾದ್ರೂ ಉಳಿದಿದೆಯಾ ಅಂತ ನೋಡೋಕೆ ಬಂದ್ರಾ?"

ಅವನು ಅದನ್ನು ನುಂಗಿಕೊಂಡ. ನಿಯಮ ತಾನು ಮಾಡಿದ್ದಲ್ಲ, ಒಬ್ಬರಿಗೆ ಬಿಟ್ಟರೆ ಇಲ್ಲದ ಊರು, ಇಲ್ಲದ ವೀರರನ್ನೆಲ್ಲ ತಂದು ತುಂಬುತ್ತಾರೆ ಎಂದು ಏನೇನೋ ಹೇಳಲು ಹೋಗಿ ನಿಲ್ಲಿಸಿದ. ಜಪಾರ್ಕುಲ್ ಒಂದು ಸಾಲು ಬೈದರೆ ಇನ್ನೊಂದು ಸಾಲಿನಲ್ಲಿ ಎರ್ಮೆಕ್‌ನ ಮಗುವಿನ ಕೆಮ್ಮು ಹೇಗಿದೆ ಎಂದು ವಿಚಾರಿಸುತ್ತಿದ್ದನಂತೆ. "ನಮ್ಮಪ್ಪನ ಜೊತೇಲೂ ನಾನು ಇಷ್ಟು ಮಾತಾಡಿಲ್ಲ ಅಕ್ಕ. ಅವ್ರು ಹೇಳ್ತಿದ್ದಿದ್ದು ನಿಜ ಅಂತ ನಂಗೆ ಮೊದಲಿಂದ ಗೊತ್ತಿತ್ತು."

ಗೊತ್ತಿತ್ತಂತೆ! ಗೊತ್ತಿದ್ದೂ ಅಳಿಸಿದ್ದ. ಕೆಂಜೆಗುಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಪ್ಪನ ವಿಷಯಕ್ಕೆ ಲೋಕದಲ್ಲಿ ಜಗಳ ಕಾದವನೆಂದರೆ ಇವನೊಬ್ಬನೇ. ಅತ್ತ ಗಂಡಸರು ಪ್ರಾರ್ಥನೆಗೆ ಸಾಲುಗಟ್ಟಲು ಶುರುಮಾಡಿದ್ದರು.

"ಹಾಗಿದ್ರೆ ಇವತ್ತೂ ಜಗಳ ಆಡಿ," ಅಂದಳು. "ಕುಬಾ-ತೆರೆಕ್ ಕಡೆಯಿಂದ ಬಂದಿದೀನಿ ಅನ್ನಿ. ಅವ್ರನ್ನ ಕೇಳಿ."

"ಸುಳ್ಳಾಗುತ್ತೆ ಅಕ್ಕ. ಆ ಹಕ್ಕು ನಂಗಿಲ್ಲ."

"ಇಲ್ಲಿ ಪುರಾವೆ ಕೇಳೋರು ಯಾರೂ ಇಲ್ಲ."

ಅವನು ಟೋಪಿ ತಲೆಗೇರಿಸಿ, ಗುಡಾರದ ಮುಂದೆ ಕೋಲೂರಿ ನಿಂತಿದ್ದ ಊರಿನ ಹಿರಿಯ ಬೆರ್ದಿಬಾಯ್ ಎದುರು ಹೋಗಿ ನಿಂತ. ತರಗತಿಯಲ್ಲಿ ಕೂಗಿದ ಹಾಗೆ ದನಿ ಜೋರಾಗಿ ಹೊರಟಿತು.

"ಜಪಾರ್ಕುಲ್ ಕುಬಾ-ತೆರೆಕ್‌ನವ್ರು. ಮೂಳೆ ನಮ್ಮದು. ನಮಗೆ ಕೊಡಿ."

ಸಾಲಿನಲ್ಲಿ ಒಬ್ಬಿಬ್ಬರು ಕಿಸಕ್ಕೆಂದರು. ಬೆರ್ದಿಬಾಯ್ ಮುದುಕನಿಗೆ ಈ ಪಟ್ಟಣದವನು ಯಾರೆಂದು ಗೊತ್ತಿಲ್ಲ, ಕುಬಾ-ತೆರೆಕ್‌ನವನಲ್ಲ ಎಂಬುದು ಮಾತ್ರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಮುದುಕ ನಗುವವರ ಕಡೆ ಕೋಲು ಬೀಸಿ, ಎದೆ ಉಬ್ಬಿಸಿ ಗದರಿದ.

"ಕೊಡಲ್ಲ ಕಣಯ್ಯಾ! ನಮ್ಮ ನೀರು ಕುಡಿದೋನು, ನಮ್ಮ ಮಣ್ಣಲ್ಲೇ ಮಲಗ್ತಾನೆ. ಏನ್ಮಾಡ್ಕೋತೀಯೋ ಮಾಡ್ಕೋ!"

ಎರ್ಮೆಕ್ ಬಿಡಲಿಲ್ಲ. ಊಟೆಯ ಹೆಸರು ಹೇಳಿದ, ಗಿರಣಿಯವನ ಹೆಸರು ಹೇಳಿದ, ಮರಗಳಿದ್ದ ದಂಡೆ ಹೇಳಿದ. ಅಳಿಸಿದ್ದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಕೆಂಜೆಗುಲ್ ಗುಡಾರದೊಳಗೆ ಓಡಿ, ಗೋಡೆಗೆ ಮುಖ ಮಾಡಿ ಕೂತು, ಅಷ್ಟು ಹೊತ್ತಿನಿಂದ ಹಾಡದೆ ಉಳಿಸಿಕೊಂಡಿದ್ದ ಶೋಕದ ಹಾಡನ್ನು ಎತ್ತಿದಳು. ಅಪ್ಪನನ್ನು ಕೇಳುವವರು ಬಂದರೆಂದು ಹಾಡಿದಳು. ಚಿಕ್ಕಮ್ಮನೂ ದನಿ ಕೂಡಿಸಿದಳು.

ಹೆಣ ಎತ್ತುವ ಮುಂಚೆ ಎರ್ಮೆಕ್ ಬಾಗಿಲ ಬಳಿ ಬಂದು ಮೆಲ್ಲಗೆ ಹೇಳಿದ. ಸಮಾಧಿಯ ಫಲಕದಲ್ಲಿ ಹುಟ್ಟಿದ ಊರು ಬರೆಯುತ್ತಾರಲ್ಲ, ಅದರ ಫೋಟೊ ಒಂದು ಸಾಕು. ಅದನ್ನು ಪುರಾವೆಯೆಂದು ಉಳಿದವರಿಂದಲೂ ಒಪ್ಪಿಸುವುದು ತನ್ನ ಜವಾಬ್ದಾರಿ. ಪುಟ ವಾಪಸು ಬರುತ್ತದೆ, ಈ ಸಲ ಯಾರಿಂದಲೂ ಅಳಿಸಲಾಗುವುದಿಲ್ಲ.

ಹೆಂಗಸರು ಸ್ಮಶಾನಕ್ಕೆ ಹೋಗುವಂತಿಲ್ಲ. ಗಂಡಸರು ಮರಳುವ ತನಕ ಕೆಂಜೆಗುಲ್ ಮಾಂಸದ ಹಂಡೆಯ ಮುಂದೆ ಕೂತು, ಮೂರು ದಿನದಲ್ಲಿ ಮೊದಲ ಬಾರಿಗೆ ಒಂದು ಬಟ್ಟಲು ಚಹಾ ಪೂರ್ತಿ ಕುಡಿದಳು. ಚಿಕ್ಕಮ್ಮನಿಗೆ ಪುಟದ ಸುದ್ದಿ ಹೇಳಿದಳು. ಚಿಕ್ಕಮ್ಮನಿಗೆ ಪುಟವೆಂದರೇನೆಂದು ತಿಳಿಯಲಿಲ್ಲ, ಆದರೂ ಅವಳ ಕೈ ಸವರಿದಳು.

ಗಂಡಸರು ಬಂದರು. ಎರ್ಮೆಕ್ ಎಲ್ಲರಿಗಿಂತ ಹಿಂದೆ ಬಂದ. ಅವಳು ಕೈ ಚಾಚಿದಾಗ ಫೋನನ್ನು ಕೊಡಲು ಅವನಿಗೆ ಮನಸ್ಸಿರಲಿಲ್ಲ; ಕೊನೆಗೆ ಕೊಟ್ಟ. ಫೋಟೊದಲ್ಲಿ ಹಸಿ ಮಣ್ಣಿನ ಗುಡ್ಡೆ, ಅದರ ತಲೆಯಲ್ಲಿ ಹಸಿರು ತಗಡು, ತಗಡಿನ ಮೇಲೆ ಬಿಳಿ ಅಕ್ಷರ. ಜಪಾರ್ಕುಲ್. ಅದರ ಕೆಳಗೆ: ಹುಟ್ಟಿದ್ದು ಬಿರಿಂಚಿ-ಮಾಯ್.

"ನಾನೇ ಬರೆದದ್ದು," ಅಂದ ಸಪರ್‌ಬಾಯ್ ಅವಳ ಹೆಗಲ ಮೇಲಿಂದ ಇಣುಕಿ. "ಚೆನ್ನಾಗಿ ಬಂದಿದೆ ಅಲ್ವಾ? ಊರು ಮುಳುಗಿದ್ಮೇಲೆ ಮಾಡ್ಸಿದ ಪಾಸ್‌ಪೋರ್ಟಲ್ಲಿ ಹೇಗಿದೆಯೋ ಹಾಗೇ ಬರೆದೆ. ಇಲ್ಲದ ಊರು ಬರೆದ್ರೆ ನಾಳೆ ನೋಡಿದೋರು ಮಾವನ್ನ ಆಡ್ಕೊಂಡು ನಗಲ್ವಾ?"

ಕೆಂಜೆಗುಲ್ ಎರ್ಮೆಕ್‌ನ ಮುಖ ನೋಡಿದಳು.

"ಈಗ ಅದೂ ಒಂದು ಪುರಾವೆ ಅಕ್ಕ," ಅಂದ ಅವನು, ನೆಲ ನೋಡುತ್ತಾ. "ನಮ್ಮ ವಿರುದ್ಧ."

ಸ್ಮಶಾನದಿಂದ ಬಂದವರಿಗೆ ಕೈಗೆ ನೀರೆರೆಯುವುದು ಮನೆ ಮಗಳ ಕೆಲಸ. ಸಪರ್‌ಬಾಯ್ ಎರಡೂ ಕೈ ಮುಂದೆ ಚಾಚಿ ಬಗ್ಗಿ ನಿಂತಿದ್ದ. ಉಗುರಿನ ಸಂದಿಯಲ್ಲೆಲ್ಲ ಬಿಳಿ ಬಣ್ಣ. ಅವನು ಉಜ್ಜಿದ, ಅದು ಹೋಗಲಿಲ್ಲ. ಸಾಕು ಅಂದ. ಕೆಂಜೆಗುಲ್ ತಂಬಿಗೆ ಬಾಗಿಸಿಕೊಂಡೇ ನಿಂತಿದ್ದಳು. ನೀರು ಅವನ ಕೈ ತುಂಬಿ, ತೋಳಿಗಿಳಿದು, ಬೂಟು ತೋಯಿಸಿ, ಅಂಗಳದ ತಗ್ಗಿನಲ್ಲಿ ಏರುತ್ತಾ ಹೋಯಿತು.