ಸಜ್ಜಕದ ಸೇರು

ಶ್ರಾವಣದ ಸೋಮವಾರ ಮಗರಪಟ್ಟಾದ ನಮ್ಮ ಕನ್ನಡದ ಮನೆಗಳೆಲ್ಲ ಕೂಡಿ ಶಿವನಿಗೆ ಸಜ್ಜಕದ ಎಡೆ ಹಿಡಿಯುವುದು ರೂಢಿ. ಎಂಟು ವರ್ಷ ಅದನ್ನು ಮಾಡಿದವಳು ರುದ್ರವ್ವ. ಈ ಸಲ ಆಕೆಯ ಬಲಗೈಗೆ ಪ್ಲಾಸ್ಟರ್ ಬಿದ್ದಿತ್ತು. ಸೌಟು ಸೊಸೆ ಶೈಲಶ್ರೀಯ ಕೈಗೆ ಬಂತು. ಎಂಬತ್ತು ಮಂದಿಯ ಅಡುಗೆ, ಅದೂ ದೇವರದು. ಎಡೆಯಾಗುವ ಮೊದಲು ನಾಲಗೆಗೆ ಹಚ್ಚುವಂತಿಲ್ಲ. ಕೆಟ್ಟರೆ ಅದು ತಿಳಿಯುವುದು ಪಂಕ್ತಿಯಲ್ಲೇ.

ರುದ್ರವ್ವನ ಲೆಕ್ಕವೆಲ್ಲ ಬಾಯಲ್ಲಿತ್ತು: ಐದು ಸೇರು ರವೆ, ಐದು ಸೇರು ಪುಡಿಬೆಲ್ಲ, ಹದಿನೈದು ಸೇರು ನೀರು. ಅಂಗಡಿಯವನದು ಕಿಲೋ ಲೆಕ್ಕ. ಶೈಲಶ್ರೀ ಮನೆಯ ಹಿತ್ತಾಳೆ ಸೇರಿಗೆ ರವೆ ತುಂಬಿ, ಅಂಗೈಯಿಂದ ಬಾಯಿ ಸವರಿ ತಕ್ಕಡಿಗಿಟ್ಟಳು. ಸೇರಿನ ತೂಕ ಕಳೆದರೆ ಏಳುನೂರೈವತ್ತು ಗ್ರಾಂ. ಐದರಿಂದ ಗುಣಿಸಿ ಮೂರೂಮುಕ್ಕಾಲು ಕಿಲೋ ತರಿಸಿದಳು. ಬೆಲ್ಲವನ್ನೂ ಹಾಗೆಯೇ ತೂಗಿದ್ದಳು.

ಸೋಮವಾರ ಮುಂಜಾನೆ ಸಭಾಗೃಹದ ಹಿಂದೆ ದೊಡ್ಡ ಪಾತ್ರೆಯಲ್ಲಿ ರವೆ ಕುದಿಯಿತು. ಎಷ್ಟು ಕುದಿದರೂ ಗಟ್ಟಿಯಾಗಲೊಲ್ಲದು. ಕೆಳಗಿನ ಮನೆಯ ದೀಪಾಲಿ ಬಗ್ಗಿ ನೋಡಿದಳು.

“ವೈನಿ, ಇದನ್ನ ಲೋಟಾದಾಗ ಕೊಡೂದೇನ್ರಿ?”

ಶೈಲಶ್ರೀಯ ಕಣ್ಣು ತುಂಬಿದವು. ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದ ರುದ್ರವ್ವನ ಕಡೆ ತಿರುಗಿದಳು. “ಅತ್ತಿ, ಒಂದು ಗ್ರಾಂ ಹೆಚ್ಚುಕಡಿಮಿ ಮಾಡಿಲ್ರಿ. ಆದ್ರೂ ಗಂಜಿ ಆಗ್ಯದ.”

“ಅಳಬ್ಯಾಡ. ಸೇರು ಹ್ಯಾಂಗ ಅಳದಿ, ತೋರಸು,” ಎಂದಳು ರುದ್ರವ್ವ.

ದೀಪಾಲಿ ಓಡಿಹೋಗಿ ಮನೆಯಿಂದ ರವೆಯ ಡಬ್ಬಿಯನ್ನೂ ತಕ್ಕಡಿಯನ್ನೂ ತಂದಳು. ಶೈಲಶ್ರೀ ಸೇರು ತುಂಬಿ ಬಾಯಿ ಸವರಿದ್ದೇ ತಡ, ರುದ್ರವ್ವ ನಕ್ಕುಬಿಟ್ಟಳು.

“ಅಯ್ಯ ನಮ್ಮವ್ವ! ಶಿವಗ ಯಾರರ ಸವರಿ ಅಳೀತಾರೇನ? ಅದು ಮನಿ ಊಟಕ್ಕ.” ಎಡಗೈಯಿಂದ ಮತ್ತೆ ಮತ್ತೆ ರವೆ ಸುರಿದಳು. ಸೇರಿನ ಮೇಲೆ ಗೋಪುರ ಎದ್ದು, ಇನ್ನು ನಿಲ್ಲಲಾರೆನೆಂದು ಅಂಚಿನಿಂದ ಜಾರತೊಡಗಿತು. “ಇದು ದೇವರ ಸೇರು.”

“ಮತ್ತ ನೀರಿಗೆ?”

“ನೀರು ಗೋಪುರ ಆಗಿ ನಿಂದರತದೇನ, ಹುಚ್ಚಿ!”

ತೂಗಿದರೆ ಒಂಬೈನೂರು. ಶೈಲಶ್ರೀ ಬೆರಳೆಣಿಸಿದಳು. ಸೇರಿಗೆ ನೂರೈವತ್ತು ಕಡಿಮೆ, ಐದಕ್ಕೆ ಏಳುನೂರೈವತ್ತು. “ಅತ್ತಿ! ಐದೂ ಗೋಪುರ ಕೂಡಿದ್ರ ಒಂದು ಸವರಿದ ಸೇರು ಆಗ್ತದ!”

“ಹಂಗಾರ ಶಿವನ ಪಾಲು ಇನ್ನೂ ಡಬ್ಬ್ಯಾಗ ಅದ. ಹುರಿ, ಜಲ್ದಿ.”

ಆ ಒಂದು ಸೇರು ತುಪ್ಪದಲ್ಲಿ ಘಮ್ಮೆಂದು ಹುರಿದು ಪಾತ್ರೆಗೆ ಬಿತ್ತು. ದೀಪಾಲಿ ಉದುರಿಸಿದಳು, ಶೈಲಶ್ರೀ ತಿರುವಿದಳು. ಸೌಟು ನಿಧಾನವಾಗಿ ಭಾರವಾಯಿತು, ಪಾತ್ರೆ ಪುಟುಪುಟು ಮಾತಾಡತೊಡಗಿತು. ತರಿಸಿದ ಬೆಲ್ಲಕ್ಕೂ ದೀಪಾಲಿಯ ಮನೆಯ ಬೆಲ್ಲದಿಂದ ಅದರ ಗೋಪುರಗಳನ್ನು ಕೂಡಿಸಿ ಹಾಕಿದರು. ಗಂಟೆ ಬಾರಿಸುವ ಹೊತ್ತಿಗೆ ಎಡೆ ಸಿದ್ಧವಿತ್ತು.

ಪಂಕ್ತಿಯಲ್ಲಿ ಮೊದಲ ತುತ್ತು ಎಲ್ಲರ ಬಾಯಿಗೆ ಹೋಯಿತು. ಶೈಲಶ್ರೀ ಸೌಟು ಹಿಡಿದು ಒಂದೊಂದೇ ಮುಖ ನೋಡಿದಳು. ಹಿರಿಯರಾದ ಚಂದ್ರಪ್ಪನವರು ತಲೆಯೆತ್ತದೆಯೇ ತಟ್ಟೆ ಮುಂದೆ ಚಾಚಿದರು. “ತಂಗಿ, ಇನ್ನೊಂದು ಸೌಟು ಹಾಕು. ಕೈ ಬಿಗಿ ಹಿಡೀಬ್ಯಾಡ.”

ಅಲ್ಲಿಂದ ಸೌಟಿಗೆ ಬಿಡುವಿರಲಿಲ್ಲ. ಕಡೆಗೆ ಅತ್ತೆ, ಸೊಸೆ, ದೀಪಾಲಿ ಖಾಲಿ ಪಾತ್ರೆಯ ಸುತ್ತ ಕೂತು, ತಳ ಹಿಡಿದಿದ್ದನ್ನು ಕೆರೆದು ತಿಂದರು. “ನನಗಷ್ಟು ಬಿಡ್ರಬೇ,” ಎನ್ನುತ್ತ ರುದ್ರವ್ವ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡಳು.